ಕೊನೆ ಟ್ರಿಪ್ಪಿನ ಲೆಕ್ಕ: ಮಲೆನಾಡಿನ ರೂಟ್ ಬಸ್, ತಾಳಗುಪ್ಪ ರೈಲು, ಅಂಗಳದ ಕಾರು

ಶಿವಮೊಗ್ಗದಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ಓಡುವ ಖಾಸಗಿ ರೂಟ್ ಬಸ್ ಸೇವೆಗೆ ಐದಕ್ಕೆ ಮೂರೂವರೆ ಅಂಕ. ಸಂಜೆಯ ಕೊನೆ ಟ್ರಿಪ್ ಒಂದು ಸರಿಹೋದರೆ ನಾಲ್ಕೂವರೆ ಕೊಡಬಹುದು. ತಾಳಗುಪ್ಪ ರೈಲಿಗೆ ಮೂರು. ಇವೆರಡರ ಬದಲಿಗೆ ಮಲೆನಾಡಿನ ಮನೆಗಳು ಕೊಳ್ಳುತ್ತಿರುವ ಕಾರಿಗೆ, ವಾಹನವಾಗಿ ನೋಡಿದರೆ ಒಳ್ಳೆಯ ಅಂಕವೇ ಬರುತ್ತದೆ. ಈ ಸೀಮೆಯ ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಎರಡಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ. ಹಾಗೇಕೆ ಎಂಬುದನ್ನು ಹೇಳಲು ಮೊದಲು ಕಾರಿನ ಖರ್ಚನ್ನು ಪೂರ್ತಿ ಬಿಡಿಸಬೇಕು. ಬಹಳ ಮನೆಗಳಲ್ಲಿ ಕಾರಿನ ಖರ್ಚೆಂದರೆ ಪೆಟ್ರೋಲ್ ಖರ್ಚು ಅಂತಲೇ ತಿಳಿದಿರುತ್ತಾರೆ.

ಏಳು ಲಕ್ಷದ ಶೋರೂಮ್ ಬೆಲೆಯ ಸಣ್ಣ ಪೆಟ್ರೋಲ್ ಕಾರು ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ ಶೇ 18. ಅಂದರೆ ಆ ಏಳು ಲಕ್ಷದೊಳಗೇ ಒಂದು ಲಕ್ಷಕ್ಕೂ ಮೇಲೆ ತೆರಿಗೆ ಇದೆ. ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇ 14, ಅದು 98 ಸಾವಿರ. ಅದರ ಮೇಲಿನ ಸೆಸ್ಸು, ನೋಂದಣಿ ಸೇರಿಸಿ, ವಿಮೆ ಬಿಟ್ಟು 8 ಲಕ್ಷ 10 ಸಾವಿರ ಹಿಡಿಯಿರಿ. ಎಂಟು ವರ್ಷ ಓಡಿಸಿ ಎರಡೂವರೆ ಲಕ್ಷಕ್ಕೆ ಮಾರಿದರೆ ಸವಕಳಿ ವರ್ಷಕ್ಕೆ 70 ಸಾವಿರ. ಆರು ಲಕ್ಷ ಸಾಲ, ಶೇ 9.5 ಬಡ್ಡಿ, ಐದು ವರ್ಷ ಅಂದರೆ ಕಂತು ತಿಂಗಳಿಗೆ 12,600. ಒಟ್ಟು ಬಡ್ಡಿ 1 ಲಕ್ಷ 56 ಸಾವಿರ. ಅದನ್ನು ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 19,500. ವಿಮೆ ಸರಾಸರಿ 15 ಸಾವಿರ. ಸರ್ವಿಸ್ ಮತ್ತು ರಿಪೇರಿ 15 ಸಾವಿರ. 40 ಸಾವಿರ ಕಿ.ಮೀ.ಗೆ ನಾಲ್ಕು ಟೈರು, ವರ್ಷದ ಪಾಲು 5 ಸಾವಿರ. ವರ್ಷಕ್ಕೆ 10 ಸಾವಿರ ಕಿ.ಮೀ. ಓಟ, ಘಾಟಿಯಲ್ಲೂ ಮಣ್ಣು ದಾರಿಯಲ್ಲೂ ಲೀಟರಿಗೆ 15 ಕಿ.ಮೀ., ಪೆಟ್ರೋಲ್ 103 ರೂಪಾಯಿ ಎಂದರೆ 68,700.

ಎಲ್ಲ ಕೂಡಿಸಿದರೆ ವರ್ಷಕ್ಕೆ 1 ಲಕ್ಷ 93 ಸಾವಿರ. ಕಿಲೋಮೀಟರಿಗೆ 19 ರೂಪಾಯಿ, ತಿಂಗಳಿಗೆ 16 ಸಾವಿರ. ಪೆಟ್ರೋಲ್ ಇದರಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಉಳಿದ ಖರ್ಚಿನ ಬಹುಪಾಲು ನಿಲ್ಲುವುದಿಲ್ಲ.

ರಿಪೇರಿಗೆ 15 ಸಾವಿರ ಜಾಸ್ತಿ ಅನ್ನಿಸಿದರೆ ಮಲೆನಾಡಿನ ಮಳೆಗಾಲವನ್ನು ಗಮನಿಸಬೇಕು. ತೋಟದ ದಾರಿಯ ಏರಿನಲ್ಲಿ ಕೆಸರಿಗೆ ಚಕ್ರ ಸಿಕ್ಕಾಗ ಅರ್ಧ ಕ್ಲಚ್ ಒತ್ತಿ ಎಬ್ಬಿಸುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಕ್ಲಚ್ ಪ್ಲೇಟ್ ಬಯಲುಸೀಮೆಯ ಕಾರಿಗಿಂತ ಬಹಳ ಬೇಗ ಸುಡುವುದು ಅದಕ್ಕೇ. ಗುಂಡಿಗೆ ಬಿದ್ದೂ ಬಿದ್ದೂ ಮುಂದಿನ ಚಕ್ರವನ್ನು ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಷ್ ಹರಿಯುತ್ತದೆ. ಮೊದಲು 'ಟಕ್ ಟಕ್' ಸದ್ದು, ಆಮೇಲೆ ಅಲೈನ್‌ಮೆಂಟ್ ತಪ್ಪಿ ಟೈರಿನ ಒಂದೇ ಅಂಚು ಸವೆಯುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದೇ ನಿಂತ ಕಾರಿನ ಅಡಿಗೆ ತುಕ್ಕು, ಸೀಟಿಗೆ ಬೂಷ್ಟು. ಅಡಿಕೆ ದಾಸ್ತಾನಿನ ಪಕ್ಕದ ಶೆಡ್ಡಾದರೆ ಇಲಿ ವೈರು ಕಡಿಯುವುದೂ ಸೇರಿತು. ಬಿಡಿಭಾಗ ಬರುವುದು ಹೊರಗಿನಿಂದ, ಊರಿನ ಮೆಕ್ಯಾನಿಕ್ಕಿಗೆ ಸಿಗುವುದು ಕೈಗೂಲಿ ಮಾತ್ರ.

ಈ 1 ಲಕ್ಷ 93 ಸಾವಿರದಲ್ಲಿ ಜಿಲ್ಲೆಯೊಳಗೆ ಉಳಿಯುವುದೆಷ್ಟು? ಗ್ಯಾರೇಜಿನ ಕೂಲಿ 7 ಸಾವಿರ. ಪೆಟ್ರೋಲ್ ಬಂಕಿನ ಕಮಿಷನ್ ಲೀಟರಿಗೆ ನಾಲ್ಕು ರೂಪಾಯಿ ಆಸುಪಾಸು, 667 ಲೀಟರಿಗೆ 2,700. ಶೋರೂಮಿನವರ ಲಾಭ ನೂರಕ್ಕೆ ಐದು ಅಂದುಕೊಂಡರೆ ವರ್ಷದ ಪಾಲು 4,400. ವಿಮೆ ಏಜೆಂಟಿಗೆ 1,500, ಟೈರ್ ಅಂಗಡಿಗೆ 500. ಎಲ್ಲ ಸೇರಿ 16 ಸಾವಿರದ ಹತ್ತಿರ, ನೂರಕ್ಕೆ ಎಂಟು ರೂಪಾಯಿ. ಉಳಿದ ತೊಂಬತ್ತೆರಡು ಕಾರಿನ ಕಾರ್ಖಾನೆಗೆ, ಬ್ಯಾಂಕಿಗೆ, ವಿಮಾ ಕಂಪನಿಗೆ, ತೈಲ ಕಂಪನಿಗೆ, ದೆಹಲಿ ಮತ್ತು ಬೆಂಗಳೂರಿನ ಖಜಾನೆಗೆ ಹೋಗುತ್ತದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರದೇಶದ್ದಾದ್ದರಿಂದ ಪೆಟ್ರೋಲ್ ದುಡ್ಡಿನ ಒಂದು ದೊಡ್ಡ ಭಾಗ ದೇಶವನ್ನೇ ದಾಟುತ್ತದೆ. ತೆರಿಗೆಯಲ್ಲಿ ಒಂದಿಷ್ಟು ರಸ್ತೆಯಾಗಿ, ಸೇತುವೆಯಾಗಿ ತಿರುಗಿ ಬರುತ್ತದೆ, ನಿಜ. 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಹಾಗೆ ಬಂದದ್ದೇ, ಶರಾವತಿ ಹಿನ್ನೀರಿನ ಆಚೆಯವರಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಆ ಸೇತುವೆಯ ಮೇಲೆ ಬಸ್ಸೂ ಓಡಬಲ್ಲದು.

ಅಡಿಕೆ ಲೆಕ್ಕದಲ್ಲಿ ಹೇಳುವುದಾದರೆ, ರಾಶಿ ಎಂಬ ಬಗೆಯ ಅಡಿಕೆ ಕ್ವಿಂಟಲಿಗೆ 50 ಸಾವಿರ ಎಂದರೂ ಕಾರು ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ಕ್ವಿಂಟಲ್ ತಿನ್ನುತ್ತದೆ. ಎರಡು ಎಕರೆ ತೋಟದವರಿಗೆ ಇದು ತಡೆದುಕೊಳ್ಳುವ ಮಾತಲ್ಲ. ಅದರಲ್ಲೂ ತೋಟದ ಹುಟ್ಟುವಳಿ ಬರುವುದು ಕೊಯ್ಲು ಮುಗಿದ ಮೇಲೆ, ಕಂತು ಕಟ್ಟಬೇಕಾದ್ದು ಪ್ರತಿ ತಿಂಗಳು. ಕೊಳೆ ರೋಗ, ಎಲೆಚುಕ್ಕಿ ಬಂದು ಫಸಲು ಅರ್ಧವಾದ ವರ್ಷವೂ 12,600 ಅಷ್ಟೇ ಇರುತ್ತದೆ. ಆಗ ಕೈಗಡ, ಒಡವೆ ಸಾಲ, ದರ ಬರುವ ಮೊದಲೇ ಅಡಿಕೆ ಮಾರಾಟ. ಇವೆಲ್ಲ ಕಾರಿನ ಲೆಕ್ಕದಲ್ಲಿ ಬರೆದಿರದ ಖರ್ಚುಗಳು.

ಇನ್ನು ಬಸ್ಸು. ತೀರ್ಥಹಳ್ಳಿಗೆ 60 ಕಿ.ಮೀ., ಗಾಜನೂರು, ಮಂಡಗದ್ದೆ ಮೇಲೆ. ಸಾಗರಕ್ಕೆ 70 ಕಿ.ಮೀ. ಚಿಲ್ಲರೆ, ಆಯನೂರು, ಕುಂಸಿ, ಆನಂದಪುರ ಮೇಲೆ. ಹೊಸನಗರಕ್ಕೆ ಆಯನೂರು, ರಿಪ್ಪನ್‌ಪೇಟೆ ಮೇಲೆ. ಹೊಸಬರು ಬೋರ್ಡಿನ ದೊಡ್ಡ ಅಕ್ಷರ ಮಾತ್ರ ಓದಿ ಹತ್ತಬಾರದು. ನಡುವಿನ ಊರಿನವರಾದರೆ 'ಯಾವ ಮೇಲೆ ಹೋಗುತ್ತದೆ' ಎಂದು ಕಂಡಕ್ಟರನ್ನೇ ಕೇಳಿ. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ತಿರುವಿನಲ್ಲಿ ವಾಂತಿಯಾಗುವುದು ಅಲ್ಲಿ ಕೂತವರಿಗೇ ಹೆಚ್ಚು. ಮುಂದಿನಿಂದ ಮೂರು–ನಾಲ್ಕನೇ ಸಾಲು ಒಳ್ಳೆಯದು. ಆಗುಂಬೆಯ ಹದಿನಾಲ್ಕು ತಿರುವು ಇಳಿದು ಉಡುಪಿ ಕಡೆಗೆ ಹೋಗುವವರು ಮಿನಿ ಬಸ್ಸನ್ನೇ ನೆಚ್ಚಬೇಕು. ಮಳೆಗಾಲದಲ್ಲಿ ಘಾಟಿ ಕುಸಿದರೆ ಅದೂ ಸುತ್ತು ಹಾಕುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು.

ಈ ಸೇವೆಯ ನಿಜವಾದ ಬೆಲೆ ತಿಳಿಯಬೇಕಾದರೆ ಟಿಕೆಟ್ ಬಿಟ್ಟು ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಏನಿದೆ ನೋಡಬೇಕು. ಬೆಳಗಿನ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು, ಹೂವಿನ ಬುಟ್ಟಿ, ಮೆಡಿಕಲ್ ಸ್ಟೋರಿನ ರಟ್ಟಿನ ಪೆಟ್ಟಿಗೆ. ಹತ್ತರ ಮೇಲಿನ ಬಸ್ಸಿನಲ್ಲಿ ಕಾಗದ ಸುತ್ತಿದ ಪಂಪ್‌ಸೆಟ್ಟಿನ ಬೇರಿಂಗ್, ಹೊಲಿಗೆ ಅಂಗಡಿಯ ಲೈನಿಂಗ್ ಬಟ್ಟೆ, ಕಳೆ ಕತ್ತರಿಸುವ ಯಂತ್ರದ ಕಾರ್ಬುರೇಟರ್. ಹೊಸನಗರದ ಗ್ಯಾರೇಜಿನವರು ಶಿವಮೊಗ್ಗದ ಅಂಗಡಿಗೆ ಫೋನ್ ಮಾಡುತ್ತಾರೆ, ಅಂಗಡಿ ಹುಡುಗ ಸಾಮಾನನ್ನು ನಿಲ್ದಾಣಕ್ಕೆ ತಂದು ಕಂಡಕ್ಟರ್ ಕೈಗೆ ಕೊಟ್ಟು ಬಸ್ಸಿನ ಹೆಸರು ತಿಳಿಸುತ್ತಾನೆ, ಮಧ್ಯಾಹ್ನದೊಳಗೆ ಸಾಮಾನು ತಲುಪಿರುತ್ತದೆ. ಐವತ್ತು ರೂಪಾಯಿ ಮುಗಿಯಿತು. ಕೊರಿಯರ್ ಮರುದಿನ ಮುಟ್ಟಿಸುವುದನ್ನು ಇದು ಎರಡೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ಸಣ್ಣ ಊರಿನ ಗ್ಯಾರೇಜು, ಮೆಡಿಕಲ್ಲು, ದರ್ಜಿ ಅಂಗಡಿ ಹೆಚ್ಚು ದಾಸ್ತಾನು ಇಡದೆ ಬದುಕಿರುವುದು ಈ ಬಾನೆಟ್ಟಿನ ಆಧಾರದ ಮೇಲೆ. ಬಸ್ಸು ನಿಂತ ದಿನ ಅವರ ಅರ್ಧ ಬಂಡವಾಳ ದಾಸ್ತಾನಿಗೆ ಹೋಗಿ ಕೂರುತ್ತದೆ. ಕಾರುಗಳು ಎಷ್ಟೇ ಹೆಚ್ಚಿದರೂ ಈ ಕೆಲಸ ಮಾಡಿಕೊಡುವುದಿಲ್ಲ.

ಬಸ್ಸಿನ ಖರ್ಚೂ ನೋಡೋಣ. ದಿನಕ್ಕೆ 250 ಕಿ.ಮೀ. ಓಡುವ ಬಸ್ಸು, ಲೀಟರಿಗೆ 5 ಕಿ.ಮೀ., ಡೀಸೆಲ್ ಸುಮಾರು 4,600 ರೂಪಾಯಿ. ಡ್ರೈವರ್, ಕಂಡಕ್ಟರ್ ಇಬ್ಬರಿಗೆ 2,000. ಟೈರು 600, ಸರ್ವಿಸ್ ಮತ್ತು ಬಿಡಿಭಾಗ 900, ತೆರಿಗೆ ಮತ್ತು ವಿಮೆ 900, ಸಾಲದ ಕಂತು 1,000. ಒಟ್ಟು 10 ಸಾವಿರ, ಕಿಲೋಮೀಟರಿಗೆ 40. ಮಾಲೀಕರಿಂದ ಮಾಲೀಕರಿಗೆ ಇದು ನೂರೋ ಐನೂರೋ ಆಚೀಚೆ ಆಗುತ್ತದೆ, ಒಟ್ಟು ಲೆಕ್ಕ ಬದಲಾಗುವುದಿಲ್ಲ. 60 ಕಿ.ಮೀ.ಗೆ 80 ರೂಪಾಯಿ ಟಿಕೆಟ್ ಹಿಡಿದರೆ, ಇಡೀ ದಿನ ಸರಾಸರಿ ಮೂವತ್ತು ಜನ ಬಸ್ಸಿನಲ್ಲಿದ್ದರೆ ಅಸಲು ಹುಟ್ಟುತ್ತದೆ. ಇದರಲ್ಲಿ ಸಂಬಳ, ಗ್ಯಾರೇಜಿನ ಕೂಲಿ, ಟೈರ್ ರೀಟ್ರೆಡ್ ಮಾಡುವವರ ಪಾಲು, ಬಂಕಿನ ಕಮಿಷನ್ ಸೇರಿ 2,800 ರೂಪಾಯಿ ಇಲ್ಲೇ ಉಳಿಯುತ್ತದೆ. ನೂರಕ್ಕೆ ಇಪ್ಪತ್ತೆಂಟು. ಕಾರಿನದು ಎಂಟು ಇತ್ತು.

ಆ ಮೂವತ್ತು ಎಂಬ ಸಂಖ್ಯೆಯನ್ನು ಮರೆಯಬೇಡಿ. ರೂಟಿನಲ್ಲಿ ನಾಲ್ಕಾರು ಮನೆಗೆ ಕಾರು ಬಂದು ಸರಾಸರಿ ಇಪ್ಪತ್ನಾಲ್ಕಕ್ಕೆ ಇಳಿದರೆ ದಿನಕ್ಕೆ 2,000 ಖೋತಾ. ಇದು ಡ್ರೈವರ್ ಕಂಡಕ್ಟರ್ ಇಬ್ಬರ ದಿನದ ಸಂಬಳಕ್ಕೆ ಸಮ. ಮಾಲೀಕರು ಮೊದಲು ಕೈ ಹಾಕುವುದು ಕೊನೆ ಟ್ರಿಪ್ಪಿಗೆ, ಏಕೆಂದರೆ ರಾತ್ರಿ ಹಳ್ಳಿ ಕಡೆಗೆ ಹೋಗುವಾಗ ಹತ್ತು ಜನ ಮಾತ್ರ ಇರುತ್ತಾರೆ. ಟ್ರಿಪ್ ಕಡಿದರೆ ಆ ದಿನಕ್ಕೆ ಡೀಸೆಲ್ ಉಳಿಯಿತು. ಆದರೆ ಕೊನೆ ಬಸ್ಸು ಇದ್ದೇ ಇರುತ್ತದೆಂಬ ಧೈರ್ಯದಲ್ಲಿ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದವರು ನಲವತ್ತು ಜನ. ಮೆಗ್ಗಾನ್ ಆಸ್ಪತ್ರೆಗೆ ಬಂದವರಿಗೆ ಸ್ಕ್ಯಾನಿಂಗ್ ವರದಿ ಸಿಗುವುದು ಸಂಜೆ. ದುರ್ಗಿಗುಡಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಬಾಗಿಲು ಹಾಕಿ ಹೊರಡುವುದು ಎಂಟೂವರೆಗೆ. ಕೋರ್ಟಿನ ಕೇಸು ಕೂಗುವ ಹೊತ್ತು ಯಾರ ಕೈಯಲ್ಲೂ ಇಲ್ಲ. ಏಳಕ್ಕೇ ಕೊನೆ ಬಸ್ಸು ಅಂತಾದರೆ ಇವರಲ್ಲಿ ಕೈಲಾದವರು ಕಾರು ಕೊಳ್ಳುತ್ತಾರೆ, ಆಗದವರು ಆ ಕೆಲಸವನ್ನೇ ಬಿಡುತ್ತಾರೆ. ಬೆಳಗಿನ ಬಸ್ಸಿನಲ್ಲೂ ಆರು ಜನ ಕಡಿಮೆಯಾಗುತ್ತಾರೆ, ಮುಂದಿನ ವರ್ಷ ಮಧ್ಯಾಹ್ನದ ಟ್ರಿಪ್ಪಿಗೂ ಕತ್ತರಿ ಬೀಳುತ್ತದೆ.

ಕೊಪ್ಪದ ಸಹಕಾರ ಸಾರಿಗೆಯ ಕಥೆ ಇಲ್ಲಿ ನೆನೆಯಲೇಬೇಕು. ಶಂಕರ್ ಟ್ರಾನ್ಸ್‌ಪೋರ್ಟ್ ಮುಚ್ಚಿದಾಗ ಅದರ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಇವರೇ ಮಾಲೀಕರು. ದೊಡ್ಡ ಬಸ್ಸು ಹೋಗಲು ಹಿಂಜರಿಯುವ ಹಳ್ಳಿಗೂ ಓಡಿಸಿದರು, ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟರು. 2020ರ ಫೆಬ್ರುವರಿಯಲ್ಲಿ ನಷ್ಟ ತಡೆಯಲಾರದೆ ನಿಂತುಹೋಯಿತು. ಮಲೆನಾಡಿನ ದುಡ್ಡು ಮಲೆನಾಡಿನಲ್ಲೇ ತಿರುಗುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಈ ಭಾಗದಲ್ಲಿ ಮತ್ತೊಂದು ಇರಲಿಲ್ಲ. ಅದನ್ನು ಉಳಿಸಿಕೊಳ್ಳದೆ ಹೋದದ್ದು ನೋವಿನ ಸಂಗತಿ.

ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿ ಶೇ 21.17 ಆಯಿತು. ಕಾರಿನವರಿಗೂ ಬಸ್ಸಿನವರಿಗೂ ಒಂದೇ ದರ. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆ ಮಹಿಳೆಯರಿಗೆ ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸೇ ಆಧಾರವಾಗಿರುವ ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಯ ಹೆಂಗಸರು ಈಗಲೂ ಪೂರ್ತಿ ದುಡ್ಡು ಕೊಡುತ್ತಾರೆ. ಎರಡೂ ಬಸ್ಸು ಇರುವ ಮುಖ್ಯ ರಸ್ತೆಯಲ್ಲಿ ಖಾಸಗಿಯವರ ಜನ ಕಡಿಮೆಯಾಗಿ, ಆ ನಷ್ಟ ಒಳಹಳ್ಳಿಯ ಟ್ರಿಪ್ಪಿನ ಮೇಲೆ ಬೀಳುತ್ತದೆ. ಒಳರೂಟಿನ ಖಾಸಗಿ ಬಸ್ಸಿಗೂ ಮಹಿಳೆಯರ ಟಿಕೆಟಿನ ಹಣ ತುಂಬಿಕೊಡುವುದೇ ಇದಕ್ಕೆ ನೇರ ದಾರಿ.

ಬಸ್ಸಿಗೆ ಕಡಿದ ಒಂದೂವರೆ ಅಂಕದಲ್ಲಿ ಒಂದು ಕೊನೆ ಟ್ರಿಪ್ಪಿನದು, ಉಳಿದರ್ಧ ಏಕೆ ಎಂದೂ ಹೇಳಬೇಕು. ವೇಳಾಪಟ್ಟಿ ಗೋಡೆಯ ಮೇಲಿಲ್ಲ, ಏಜೆಂಟರ ತಲೆಯಲ್ಲಿದೆ. ಟೈಮಿಂಗ್ ಜಗಳದಲ್ಲಿ ಹಿಂದಿನ ಬಸ್ಸು ಮುಂದಿನದನ್ನು ಹಿಂದೆ ಹಾಕಲು ಕಿರಿದಾದ ರಸ್ತೆಯಲ್ಲಿ ನುಗ್ಗುತ್ತದೆ, ಇದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಮೊದಲ ಮೆಟ್ಟಿಲು ಮೊಣಕಾಲೆತ್ತರ. ಮಂಡಿನೋವಿನ ಅಜ್ಜಿ ಎರಡೂ ಕೈಯಲ್ಲಿ ಸರಳು ಹಿಡಿದು ಮೇಲೆ ಬರುವಷ್ಟರಲ್ಲಿ ಬಸ್ಸು ಚಲಿಸಿರುತ್ತದೆ. ಕೆಳಗೆ ಇನ್ನೊಂದು ಕಬ್ಬಿಣದ ಮೆಟ್ಟಿಲು ಬೆಸೆಯುವುದು ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಮಳೆಯಲ್ಲಿ ಕಿಟಕಿಯ ರಬ್ಬರ್ ಸೋರಿ ಸೀಟು ನೆನೆಯುತ್ತದೆ. ಭಾನುವಾರ ಹೇಳದೆ ಕೇಳದೆ ಟ್ರಿಪ್ ರದ್ದು. ಟಿಕೆಟ್ ಹರಿದು ಕೊಡದೆ ದುಡ್ಡು ತೆಗೆದುಕೊಂಡರೆ ಕೇಳಿ ಪಡೆಯಿರಿ, ಆ ರೂಟಿನಲ್ಲಿ ಜನ ಎಷ್ಟಿದ್ದಾರೆ ಎಂಬುದಕ್ಕೆ ಇರುವ ಪುರಾವೆ ಅದೊಂದೇ.

ರೈಲಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತಾಳಗುಪ್ಪದಿಂದ ಸಾಗರ ಜಂಬಗಾರು, ಆನಂದಪುರ, ಅರಸಾಳು, ಕುಂಸಿ ಮೂಲಕ ಶಿವಮೊಗ್ಗಕ್ಕೆ ಬರುವ ದಾರಿ ಅಗ್ಗ. ಸಾಗರದಿಂದ ಸಾಮಾನ್ಯ ದರ್ಜೆಗೆ ಐವತ್ತು ರೂಪಾಯಿಯೊಳಗೆ. ಬೆಂಗಳೂರು, ಮೈಸೂರಿಗೆ ರಾತ್ರಿ ಹೋಗುವವರಿಗೆ ಇದಕ್ಕೆ ಸಮನಾದದ್ದಿಲ್ಲ. ಒಂಟಿ ಹಳಿ, ದಿನಕ್ಕೆ ಕೆಲವೇ ಜೋಡಿ ರೈಲು. ಬೆಳಿಗ್ಗೆ ಶಿವಮೊಗ್ಗಕ್ಕೆ ಬಂದು ಸಂಜೆ ಕೆಲಸ ಮುಗಿಸಿ ಹಿಂದಿರುಗುವವರಿಗೆ ವೇಳೆಯ ಆಯ್ಕೆ ಹೆಚ್ಚಿಲ್ಲದ್ದೇ ಇದರ ದೊಡ್ಡ ಕೊರತೆ. ಜೋಗ ನೋಡಲು ಬರುವವರಿಗೆ ಮಾತ್ರ ರೈಲನ್ನೇ ಹೇಳುತ್ತೇವೆ. ತಾಳಗುಪ್ಪದಲ್ಲಿ ಇಳಿದರೆ ಜೋಗಕ್ಕೆ ಹದಿನೈದು ಕಿ.ಮೀ. ಆಸುಪಾಸು, ಆಟೊ ಅಥವಾ ಬಾಡಿಗೆ ಕಾರು. ಬೆಂಗಳೂರಿನಲ್ಲೇ ಟ್ಯಾಂಕ್ ತುಂಬಿಸಿ, ತಿಂಡಿ ಕಟ್ಟಿಕೊಂಡು ಕಾರಿನಲ್ಲಿ ಬಂದು ಅದೇ ಸಂಜೆ ತಿರುಗುವವರು ಇಲ್ಲಿ ಬಿಟ್ಟುಹೋಗುವುದು ಪಾರ್ಕಿಂಗ್ ಶುಲ್ಕ, ಒಂದಿಷ್ಟು ಕಸ. ರೈಲಿನಲ್ಲಿ ಬಂದವರು ಆಟೊಗೆ, ಊಟಕ್ಕೆ, ಬಹಳ ಸಲ ರಾತ್ರಿಯ ಕೋಣೆಗೂ ಸಾಗರ ತಾಲೂಕಿನಲ್ಲೇ ದುಡ್ಡು ಕೊಡುತ್ತಾರೆ.

ಹಾಗಾದರೆ ಕಾರು ಯಾರಿಗೂ ಬೇಡವೇ? ಮುಖ್ಯ ರಸ್ತೆಯಿಂದ ಮೂರು ಕಿ.ಮೀ. ಒಳಗೆ ತೋಟದ ನಡುವೆ ಒಂಟಿ ಮನೆ, ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರು ಇದ್ದಾರೆಂದರೆ ಖಂಡಿತ ಬೇಕು. ಬೇರೆಯವರು ಈ ಲೆಕ್ಕ ನೋಡಿ. 10 ಸಾವಿರ ಕಿ.ಮೀ. ಅಂದರೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿಬರುವ 83 ಸಲ. ಅದರಲ್ಲಿ 60 ಸಲ ಇಬ್ಬರು ಬಸ್ಸಿನಲ್ಲಿ ಹೋದರೆ 19,200. ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಆಟೊ ಹೋಗಿಬರಲು ನೂರರಂತೆ 6,000. ಉಳಿದ 23 ಸಲ ಆಸ್ಪತ್ರೆ, ಮದುವೆ, ರಾತ್ರಿ ತಡವಾಗುವ ಕೆಲಸಕ್ಕೆ ಬಾಡಿಗೆ ಕಾರು, ಸಲಕ್ಕೆ 2,000ದಂತೆ 46 ಸಾವಿರ. ಒಟ್ಟು 71,200. ಸ್ವಂತ ಕಾರಿಗಿಂತ 1 ಲಕ್ಷ 22 ಸಾವಿರ ಕಡಿಮೆ. ಬಾಡಿಗೆಯ ದುಡ್ಡು ಪಕ್ಕದ ಊರಿನ ಡ್ರೈವರಿಗೇ ಹೋಗುತ್ತದೆ.

ಕೊನೆ ಟ್ರಿಪ್ ಬೇಕೆಂದು ನಿಲ್ದಾಣದಲ್ಲಿ ನಿಂತು ಬೈದರೆ ಏನೂ ಆಗುವುದಿಲ್ಲ. ರೂಟ್ ಪರ್ಮಿಟ್, ವೇಳೆ ಎರಡೂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿವೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಪರ್ಮಿಟ್‌ನಲ್ಲಿ ಬರೆದ ವೇಳೆಗೆ ಓಡಿಸುವುದು ಷರತ್ತೇ. ಆದ್ದರಿಂದ ಮೊದಲು ಆ ರೂಟಿನ ಪರ್ಮಿಟ್ ವೇಳಾಪಟ್ಟಿಯ ಪ್ರತಿಯನ್ನು ಆರ್‌ಟಿಒ ಕಚೇರಿಯಿಂದ ಮಾಹಿತಿ ಹಕ್ಕಿನಲ್ಲಿ ತೆಗೆಸಿ. ರಾತ್ರಿಯ ಟ್ರಿಪ್ ಅದರಲ್ಲಿದ್ದೂ ಓಡುತ್ತಿಲ್ಲವಾದರೆ ಎರಡು ವಾರದ ದಿನಾಂಕಗಳನ್ನು ಬರೆದಿಟ್ಟು ದೂರು ಕೊಡಿ. ಪಟ್ಟಿಯಲ್ಲೇ ಇಲ್ಲವಾದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಯಾವ ನಿಲ್ದಾಣದಿಂದ, ಎಷ್ಟು ಹೊತ್ತಿಗೆ, ಎಷ್ಟು ಜನ ಎಂದು ಸಹಿ ಸಮೇತ ಪಟ್ಟಿ ಲಗತ್ತಿಸಿ. ಹತ್ತು ಜನರ ರಾತ್ರಿ ಟ್ರಿಪ್ಪಿಗೆ ದೊಡ್ಡ ಬಸ್ಸು ಕೇಳಬೇಡಿ, ಮಾಲೀಕರು ಒಪ್ಪುವುದಿಲ್ಲ, ಒಪ್ಪಿದರೂ ಬಾಳಿಕೆ ಬರುವುದಿಲ್ಲ. ಇಪ್ಪತ್ತು ಸೀಟಿನ ಮಿನಿ ಬಸ್ಸು ಕೇಳಿ, ಹೊರಡುವ ಹೊತ್ತು ಎಂಟೂ ಮುಕ್ಕಾಲು ಎಂದು ಬರೆಯಿರಿ. ಅಂಗಡಿ ಮುಚ್ಚಿ ಬರುವ ಹುಡುಗಿಯರಿಗೆ ನಿಲ್ದಾಣ ಮುಟ್ಟಲು ಹದಿನೈದು ನಿಮಿಷ ಬೇಕು.